ಬಿರುಕಿದೆಯೋ, ಇಲ್ಲವೋ? ಚೀನಾದ ಸೆಲಡಾನ್ ಚಹಾ ಪಾತ್ರೆಗಳ ಚೆಲುವು ಮತ್ತು ಜೋಪಾನ

ಮೇಜಿನ ಮೇಲೆ ಎರಡು ಬಟ್ಟಲಿವೆ. ಎರಡೂ ಹಸಿರು, ಎರಡೂ ಅಂಗೈಯಲ್ಲಿ ಕೂರುವಷ್ಟು ಚಿಕ್ಕವು. ಒಂದೊಂದಕ್ಕೆ ಸುಮಾರು 60 ಮಿಲಿಲೀಟರ್ ಚಹಾ ಹಿಡಿಯುತ್ತದೆ. ದೂರದಿಂದ ಒಂದೇ ಮನೆಯವು ಅನ್ನಿಸುತ್ತದೆ. ಕೈಯಿಂದ ಕೈಗೆ ದಾಟಿಸಿ, ಕಿಟಕಿಯ ಬೆಳಕಿಗೆ ಸ್ವಲ್ಪ ಓರೆ ಹಿಡಿದು ನೋಡಿ. ಎಡಗಡೆಯದು ಕೆನೆಗಟ್ಟಿದ ಹಾಗೆ ನುಣುಪಾಗಿದೆ, ಮೈಮೇಲೆ ಒಂದು ಗೆರೆಯಿಲ್ಲ. ಬಲಗಡೆಯದರ ಮೈತುಂಬ ಸಣ್ಣ ಗೆರೆಗಳ ಬಲೆ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ. ಉಗುರಿನಿಂದ ಸವರಿದರೆ ಆ ಗೆರೆಗಳು ಕೈಗೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಸಿಗುತ್ತವೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ. ಸೆಲಡಾನ್, ಅಂದರೆ ಇಂಥ ಹಸಿರು ಪಿಂಗಾಣಿ, ಕೊಂಡವರು ಅದನ್ನು ಕೆಡಿಸಿಕೊಳ್ಳುವುದು ಬಹುಪಾಲು ಬಲಗಡೆಯ ಬಟ್ಟಲನ್ನು ಎಡಗಡೆಯದರಂತೆ ಬಳಸುವುದರಿಂದ.

ಸೆಲಡಾನ್ ಅನ್ನುವುದು ಯುರೋಪಿನವರು ಇಟ್ಟ ಹೆಸರು. ಚೀನಾದಲ್ಲಿ ಇದನ್ನು ಚಿಂಗ್ ತ್ಸ ಅನ್ನುತ್ತಾರೆ. ತ್ಸ ಅಂದರೆ ಪಿಂಗಾಣಿ. ಚಿಂಗ್ ಅಂದರೆ ಎಳೆ ಹುಲ್ಲಿನ ಹಸಿರೂ ಹೌದು, ಮಳೆ ನಿಂತ ಆಕಾಶದ ನೀಲಿಯೂ ಹೌದು. ಒಂದೇ ಪದದಲ್ಲಿ ಎರಡು ಬಣ್ಣ ಹೇಗೆ ಎಂದು ನಾವು ಕೇಳಬೇಕಾಗಿಲ್ಲ. ನೀಲಮೇಘಶ್ಯಾಮ ಅಂದಾಗ ನೀಲಿ ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಶುರುವಾಯಿತು ಎಂದು ಯಾರೂ ಗೆರೆ ಎಳೆಯುವುದಿಲ್ಲ. ಹಾಗಾಗಿ ಸೆಲಡಾನ್ ಕೊಳ್ಳುವಾಗ "ಇದು ಹಸಿರಾಗಿಲ್ಲ, ನೀಲಿ ಇದೆ, ಅಸಲಿ ಅಲ್ಲ" ಎಂದು ತೀರ್ಮಾನಿಸಬೇಡಿ. ಬೂದುಹಸಿರು, ತಿಳಿನೀಲಿ, ಎಣ್ಣೆಹಸಿರು, ಎಲ್ಲವೂ ಚಿಂಗ್ ಒಳಗೇ ಬರುತ್ತವೆ.

ಈ ಬಣ್ಣ ಬಳಿದದ್ದಲ್ಲ. ಮಣ್ಣಿನ ಒಡಲಿನ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆಯಲ್ಲ, ಕೆಲಸದವರು ಗ್ಲೇಜ್ ಅನ್ನುವುದು, ಅದರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಕಬ್ಬಿಣದ ಆಕ್ಸೈಡ್ ಇರುತ್ತದೆ. ಪಾತ್ರೆ ಸುಡುವ ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಅದೇ ಕಬ್ಬಿಣ ಹಳದಿಗೋ ಕಂದಿಗೋ ತಿರುಗುತ್ತದೆ. ಗಾಳಿಯನ್ನು ಕಟ್ಟಿದರೆ ಉರಿಯುವ ಸೌದೆಗೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದು ಕಬ್ಬಿಣದ ಆಕ್ಸೈಡಿನಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಹಸಿರಾಗುತ್ತದೆ. ಇಷ್ಟೇ ಗುಟ್ಟು. ಗಾಳಿಯ ಈ ಆಟ ನಮ್ಮ ನೆಲದ ಕುಂಬಾರರಿಗೂ ಬಹಳ ಹಿಂದೆಯೇ ಗೊತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕ ಬೃಹತ್ ಶಿಲಾ ಸಂಸ್ಕೃತಿಯ ಮಡಕೆಗಳು ಒಂದೇ ಮೈಯಲ್ಲಿ ಕಪ್ಪೂ ಕೆಂಪೂ ಆಗಿರುವುದು ಇದೇ ಕಾರಣಕ್ಕೆ: ಗಾಳಿ ತಾಗಿದ ಭಾಗ ಕೆಂಪು, ಗಾಳಿ ಸಿಗದ ಭಾಗ ಕಪ್ಪು.

ಆದರೆ ಹಸಿರು ಬಂದರೆ ಸಾಲದು. ಒಳ್ಳೆಯ ಸೆಲಡಾನ್ ಹಸಿರು ಗಾಜಿನ ಹಾಗೆ ಕಾಣುವುದಿಲ್ಲ, ಜೇಡ್ ಕಲ್ಲಿನ ಹಾಗೆ ಕಾಣುತ್ತದೆ. ಬೆಳಕು ಮೇಲ್ಮೈಗೆ ಬಡಿದು ಹಿಂತಿರುಗುವುದಿಲ್ಲ, ಒಳಗೆ ಸ್ವಲ್ಪ ಇಳಿದು, ಅಲ್ಲೇ ಹರಡಿ, ಮೆತ್ತಗೆ ಹೊರಬರುತ್ತದೆ. ಗ್ಲೇಜ್ ಒಳಗೆ ಸಿಕ್ಕಿಕೊಂಡ ಕೋಟ್ಯಂತರ ಸೂಕ್ಷ್ಮ ಗುಳ್ಳೆಗಳು, ಪೂರ್ತಿ ಕರಗದೆ ಉಳಿದ ಬಿಳಿಗಲ್ಲಿನ ಕಣಗಳು ಈ ಕೆಲಸ ಮಾಡುತ್ತವೆ. ಅದಕ್ಕೆ ಪದರ ದಪ್ಪ ಇರಬೇಕು. ದಕ್ಷಿಣ ಸಾಂಗ್ ರಾಜವಂಶದ ಕಾಲದ, ಅಂದರೆ 12 ಮತ್ತು 13ನೇ ಶತಮಾನದ ಕೆಲಸಗಾರರು ಒಡಲನ್ನು ಮೊದಲು ಕಡಿಮೆ ಕಾವಿನಲ್ಲಿ ಒಮ್ಮೆ ಸುಟ್ಟು, ಆಮೇಲೆ ಗ್ಲೇಜನ್ನು ಒಂದರ ಮೇಲೊಂದು ಹಲವು ಸಲ ಹಚ್ಚುತ್ತಿದ್ದರು. ಹಸಿ ಮಣ್ಣಿಗೆ ಅಷ್ಟು ಸಲ ಹಚ್ಚಿದರೆ ನೀರು ಕುಡಿದು ಕುಸಿದುಹೋಗುತ್ತದೆ. ಅವರ ಕೆಲವು ಪಾತ್ರೆಗಳ ಒಡೆದ ಚೂರುಗಳನ್ನು ಅಡ್ಡಲಾಗಿ ನೋಡಿದರೆ ಒಡಲಿಗಿಂತ ಗ್ಲೇಜೇ ದಪ್ಪಗಿದೆ. ಕಾವು ಕಡಿಮೆಯಾದರೆ ಮೈ ಮಂಕಾಗಿ ಸುಣ್ಣದ ಹಾಗೆ ಉಳಿಯುತ್ತದೆ, ಹೆಚ್ಚಾದರೆ ಗುಳ್ಳೆ ಕಣಗಳೆಲ್ಲ ಕರಗಿ ಬರೀ ಗಾಜಾಗುತ್ತದೆ. ಈ ಎರಡರ ನಡುವಿನ ಹದ ಬಹಳ ಕಿರಿದು, ನನ್ನ ಮಟ್ಟಿಗೆ ಸೆಲಡಾನಿನ ಬೆಲೆಯೆಲ್ಲ ಇರುವುದು ಆ ಹದದಲ್ಲಿ.

ಈ ಹದವನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಝೆಜಿಯಾಂಗ್ ಪ್ರಾಂತ್ಯದ ನೈಋತ್ಯದ ಬೆಟ್ಟಸಾಲಿನ ಲಾಂಗ್‌ಚುವಾನ್ ಊರಿನವರು. ಗುಡ್ಡದ ಇಳಿಜಾರಿನಲ್ಲಿ ಹತ್ತಾರು ಮೀಟರ್ ಉದ್ದಕ್ಕೆ ಏರುತ್ತ ಹೋಗುವ ಆವಿಗೆಗಳು ಅವರವು. ಆಕಾರ ನೋಡಿ ಅವಕ್ಕೆ ಡ್ರ್ಯಾಗನ್ ಆವಿಗೆ ಎಂದು ಹೆಸರು. ಅಲ್ಲಿನ ಎರಡು ಬಣ್ಣ ಲೋಕಪ್ರಸಿದ್ಧ. ಒಂದು ಫೆನ್ ಚಿಂಗ್, ಹಸಿರಿಗೆ ಹಿಟ್ಟು ಬೆರೆಸಿದಂಥ ಮೆದುಬಣ್ಣ. ಇನ್ನೊಂದು ಮೇಝಿ ಚಿಂಗ್, ಇನ್ನೂ ಹಣ್ಣಾಗದ ಹುಳಿ ಪ್ಲಮ್ ಕಾಯಿಯ ಹಸಿರು. ನಮ್ಮಲ್ಲಿ ಉಪ್ಪಿಗೆ ಹಾಕುವ ಮಾವಿನ ಮಿಡಿಯನ್ನು ನೆನೆಸಿಕೊಂಡರೆ ಭಾವ ಸಿಗುತ್ತದೆ. ಚಿಂಗ್ ರಾಜವಂಶದ ಕಾಲಕ್ಕೆ (ಈ ಚಿಂಗ್ ಬಣ್ಣದ ಹೆಸರಲ್ಲ) ಈ ಕೆಲಸ ಕ್ಷೀಣಿಸಿತು. 1957ರಲ್ಲಿ ಪ್ರಧಾನಿ ಝೌ ಎನ್‌ಲೈ ಹಳೆಯ ಆವಿಗೆಗಳನ್ನು ಮತ್ತೆ ಹೊತ್ತಿಸಬೇಕೆಂದು ಸೂಚಿಸಿದ ಮೇಲೆ ಲಾಂಗ್‌ಚುವಾನ್ ಮತ್ತೆ ಚಿಗುರಿತು. 2009ರಲ್ಲಿ ಯುನೆಸ್ಕೊ ಅಲ್ಲಿನ ಸುಡುವ ವಿಧಾನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಂಕಿ 1,310 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ, ಜ್ವಾಲೆಯ ಬಣ್ಣ ನೋಡಿ ಅನುಭವಿಗಳು ಹದ ಹೇಳುತ್ತಾರೆ.

ಆ ಊರಿನಲ್ಲಿ ಒಂದು ಕಥೆಯಿದೆ. ಝಾಂಗ್ ಮನೆತನದ ಅಣ್ಣತಮ್ಮಂದಿರು, ಇಬ್ಬರಿಗೂ ಬೇರೆ ಬೇರೆ ಆವಿಗೆ. ಅಣ್ಣನ ಕೆಲಸ ನೋಡಿ ತಮ್ಮನಿಗೆ ಹೊಟ್ಟೆಕಿಚ್ಚು. ಅಣ್ಣನ ಆವಿಗೆ ಇನ್ನೂ ಕೆಂಡವಾಗಿರುವಾಗ ತಣ್ಣೀರು ಸುರಿದನಂತೆ. ತೆಗೆದು ನೋಡಿದರೆ ಪಾತ್ರೆಗಳೆಲ್ಲ ಬಿರುಕು, ಆದರೆ ಬಿರುಕೇ ಚೆಂದವಾಗಿತ್ತು. ಅಂದಿನಿಂದ ಬಿರುಕುಗೆರೆಯ ಸೆಲಡಾನಿಗೆ ಗೆ, ಅಂದರೆ ಅಣ್ಣ ಎಂದೂ, ಗೆರೆಯಿಲ್ಲದ್ದಕ್ಕೆ ದಿ, ಅಂದರೆ ತಮ್ಮ ಎಂದೂ ಹೆಸರು. ಕಥೆ ಸೊಗಸಾಗಿದೆ. ಆದರೆ ಕಾದ ಪಿಂಗಾಣಿಗೆ ತಣ್ಣೀರು ಸುರಿದರೆ ಚೂರುಚೂರಾಗುತ್ತದೆಯೇ ಹೊರತು ಬಲೆ ಮೂಡುವುದಿಲ್ಲ. ನಿಜವಾದ ಕಾರಣ, ತಣಿಯುವಾಗ ಗ್ಲೇಜ್ ಒಡಲಿಗಿಂತ ಹೆಚ್ಚು ಕುಗ್ಗುತ್ತದೆ. ಬಿಗಿಯಾದ ಅಂಗಿ ತೊಟ್ಟ ಹಾಗೆ ಎಳೆದುಕೊಂಡು, ತಡೆಯಲಾರದೆ ಅಲ್ಲಲ್ಲಿ ಸೀಳುತ್ತದೆ. ಒಡಲು ಗಟ್ಟಿಯಾಗಿಯೇ ಇರುತ್ತದೆ. ಈ ಸೀಳುವಿಕೆ ಆವಿಗೆಯಿಂದ ಹೊರಬಂದ ಮೇಲೂ ನಡೆಯುತ್ತದೆ. ಹೊಸ ಪಾತ್ರೆಗಳ ಪಕ್ಕ ಸುಮ್ಮನೆ ಕೂತರೆ ಟಿಣ್, ಟಿಣ್ ಎಂದು ಸಣ್ಣ ಗೆಜ್ಜೆ ಸದ್ದು ಕೇಳುತ್ತದೆ.

ಇನ್ನು ಮುಂದೆ ಎಡಗಡೆಯದನ್ನು ತಮ್ಮನ ಬಟ್ಟಲು, ಬಲಗಡೆಯದನ್ನು ಅಣ್ಣನ ಬಟ್ಟಲು ಎಂದು ಕರೆಯುತ್ತೇನೆ. ಹಳೆಯ ಗೆ ಪಾತ್ರೆಗಳಲ್ಲಿ ದೊಡ್ಡ ಬಿರುಕು ಕಪ್ಪಗೆ, ನಡುವಿನ ಸಣ್ಣ ಬಿರುಕು ಹೊಂಬಣ್ಣಕ್ಕೆ ಇರುತ್ತದೆ. ಅದನ್ನು ಚೀನೀಯರು ಚಿನ್ನದ ನೂಲು, ಕಬ್ಬಿಣದ ತಂತಿ ಅನ್ನುತ್ತಾರೆ. ಹೆನಾನ್ ಪ್ರಾಂತ್ಯದ ಬಾವೊಫೆಂಗ್ ಬಳಿಯ ಚಿಂಗ್‌ಲಿಯಾಂಗ್‌ಸಿಯಲ್ಲಿ ಸುಡುತ್ತಿದ್ದ ರು ಪಾತ್ರೆಗಳೂ ಈ ಬಳಗದವೇ. ದಕ್ಷಿಣ ಸಾಂಗ್‌ಗಿಂತ ಹಿಂದಿನ ಉತ್ತರ ಸಾಂಗ್ ಅರಮನೆಗೆ ಸ್ವಲ್ಪ ಕಾಲ ಮಾತ್ರ ತಯಾರಾದ ಅವು ಇಂದು ಇಡೀ ಜಗತ್ತಿನಲ್ಲಿ ನೂರೂ ಉಳಿದಿಲ್ಲ. 2017ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಕುಂಚ ತೊಳೆಯುವ ಒಂದು ಪುಟ್ಟ ರು ಬೋಗುಣಿ 29 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿ ಹೋಯಿತು. ಈಗ ಅಂಗಡಿಗಳಲ್ಲಿ "ರು ಬಟ್ಟಲು" ಎಂದು ಸಿಗುವುದು ಆ ಶೈಲಿಯ ಹೊಸ ಕೆಲಸ, ಚಹಾ ಕುಡಿಯಲೆಂದೇ ಮಾಡಿದ್ದು.

ಚಹಾಕ್ಕೂ ಈ ಹಸಿರಿಗೂ ನಂಟು ಹೇಗೆ ಬಂತು? 8ನೇ ಶತಮಾನದಲ್ಲಿ ಚಹಾದ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದ ಲು ಯು ಬಟ್ಟಲುಗಳಿಗೆ ಶ್ರೇಯಾಂಕ ಕೊಟ್ಟಿದ್ದಾನೆ. ಯುಯೆ ಸೀಮೆಯ ಹಸಿರು ಬಟ್ಟಲು ಮೊದಲು, ಉತ್ತರದ ಶಿಂಗ್ ಬಿಳಿ ಬಟ್ಟಲು ಆಮೇಲೆ. ಶಿಂಗ್ ಬೆಳ್ಳಿಯ ಹಾಗಿದ್ದರೆ ಯುಯೆ ಜೇಡ್ ಹಾಗೆ, ಶಿಂಗ್ ಹಿಮದ ಹಾಗಿದ್ದರೆ ಯುಯೆ ಮಂಜುಗಡ್ಡೆಯ ಹಾಗೆ ಅನ್ನುತ್ತಾನೆ. ಆದರೆ ಅವನ ಮುಖ್ಯ ಕಾರಣ ಕಣ್ಣಿಗೆ ಸಂಬಂಧಿಸಿದ್ದು. ಅಂದಿನ ಅಚ್ಚು ಚಹಾ, ಅಂದರೆ ಬಿಲ್ಲೆಯಾಗಿ ಒತ್ತಿದ ಚಹಾ, ಬಿಳಿ ಬಟ್ಟಲಲ್ಲಿ ಕೆಂಪಾಗಿ ಕಾಣುತ್ತಿತ್ತು, ಹಸಿರು ಬಟ್ಟಲಲ್ಲಿ ಹಸಿರಾಗಿ ಕಾಣುತ್ತಿತ್ತು. ಆ ಯುಯೆ ಆವಿಗೆಗಳ ಅತ್ಯುತ್ತಮ ಸರಕಿಗೆ ಮಿ ಸೆ, ಅಂದರೆ ಗುಟ್ಟಿನ ಬಣ್ಣ ಎಂದು ಹೆಸರು. ಅದು ಯಾವ ಬಣ್ಣ ಎಂದು ಶತಮಾನಗಳ ಕಾಲ ಬರೀ ಊಹೆ. 1987ರಲ್ಲಿ ಶಾನ್‌ಶಿ ಪ್ರಾಂತ್ಯದ ಫಾಮೆನ್ ದೇವಾಲಯದ ಸ್ತೂಪದ ಕೆಳಗೆ, 874ರಲ್ಲಿ ಮುಚ್ಚಿದ ನೆಲಮಾಳಿಗೆ ತೆರೆದಾಗ ಪಾತ್ರೆಗಳೂ ಸಿಕ್ಕವು, ಅವುಗಳ ಪಟ್ಟಿ ಕೆತ್ತಿದ ಕಲ್ಲೂ ಸಿಕ್ಕಿತು. ಕಲ್ಲಿನಲ್ಲಿ ಮಿ ಸೆ ಎಂದು ಬರೆದಿತ್ತು, ಕಣ್ಣೆದುರಿಗೆ ಹಸಿರು ಬೋಗುಣಿಗಳಿದ್ದವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸೆಲಡಾನ್ ಎಲ್ಲ ಕಾಲಕ್ಕೂ ಚಹಾದ ಮೆಚ್ಚಿನ ಪಾತ್ರೆಯಾಗಿತ್ತು ಎಂದು ಮಾರುವವರು ಹೇಳುತ್ತಾರೆ. ಹಾಗಲ್ಲ. ಸಾಂಗ್ ಕಾಲದಲ್ಲಿ ಚಹಾ ಪುಡಿಯನ್ನು ಬಿದಿರ ಕಡ್ಡಿಯ ಕುಂಚದಿಂದ ಕಡೆದು ಬಿಳಿ ನೊರೆ ಎಬ್ಬಿಸುವ ರೂಢಿ ಬಂತು. ಬಿಳಿ ನೊರೆಗೆ ಕಪ್ಪು ಬಟ್ಟಲೇ ಒಪ್ಪುತ್ತದೆ, ಫುಜಿಯಾನಿನ ಕಪ್ಪು ಜಿಯಾನ್ ಬಟ್ಟಲುಗಳಿಗೆ ಮಾನ ಸಿಕ್ಕಿತು. 1391ರಲ್ಲಿ ಮಿಂಗ್ ಚಕ್ರವರ್ತಿ ಅಚ್ಚು ಚಹಾದ ಕಪ್ಪವನ್ನು ನಿಲ್ಲಿಸಿ ಬಿಡಿ ಎಲೆ ಸಾಕೆಂದ ಮೇಲೆ, ಎಲೆಯ ತಿಳಿ ಬಣ್ಣ ತೋರಿಸಲು ಬಿಳಿ ಪಿಂಗಾಣಿ ಮುಂದೆ ಬಂತು. ಬಟ್ಟಲು ಚಹಾವನ್ನು ಹಿಂಬಾಲಿಸುತ್ತದೆ. ನೀವು ಕೊಳ್ಳುವಾಗಲೂ ಇದನ್ನೇ ನೆನಪಿಡಿ. ಹಾಂಗ್‌ಝೌ ಕಡೆಯ ಲಾಂಗ್‌ಜಿಂಗ್‌ನಂಥ ಹಸಿರು ಚಹಾಕ್ಕೆ ಸೆಲಡಾನ್ ಹೇಳಿ ಮಾಡಿಸಿದ್ದು. ಕೆಂಪು ಡಿಕಾಕ್ಷನ್ ಅದರಲ್ಲಿ ಕಂದಿ ಮಂಕಾಗುತ್ತದೆ. ಚಹಾದ ಬಣ್ಣ ನೋಡಿಯೇ ಹದ ತಿಳಿಯುವವರು ಒಳಗೆ ಬಿಳಿ, ಹೊರಗೆ ಹಸಿರು ಇರುವ ಬಟ್ಟಲು ಆರಿಸಿಕೊಳ್ಳಿ.

ನಮ್ಮ ಕಡೆಯ ಒಂದು ಮಾತು, ದಾರಿ ಬಿಟ್ಟು ಹೋದರೂ ಹೇಳುತ್ತೇನೆ. ಸೆಲಡಾನ್ ತಟ್ಟೆಯಲ್ಲಿ ವಿಷ ಬಡಿಸಿದರೆ ತಟ್ಟೆ ಬಣ್ಣಗೆಡುತ್ತದೆ, ಇಲ್ಲವೇ ಒಡೆಯುತ್ತದೆ ಎಂಬ ನಂಬಿಕೆ ಹಿಂದೂಸ್ತಾನದ ಅರಮನೆಗಳಲ್ಲಿತ್ತು. ಇಂಥ ಪಾತ್ರೆಗೆ ಘೋರಿ ಎಂದು ಕರೆಯುತ್ತಿದ್ದರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಚೀನಾ ಸೆಲಡಾನ್ ನೋಡಬಹುದು. ರಸಾಯನಶಾಸ್ತ್ರ ಈ ನಂಬಿಕೆಯನ್ನು ಒಪ್ಪುವುದಿಲ್ಲ, ಅಷ್ಟು ಕಾವಿನಲ್ಲಿ ಸುಟ್ಟ ಗ್ಲೇಜ್ ಊಟದ ಯಾವ ಪದಾರ್ಥಕ್ಕೂ ಅಷ್ಟು ಬೇಗ ಬಣ್ಣ ಬಿಡುವುದಿಲ್ಲ.

ಈಗ ಕೊಳ್ಳುವ ವಿಚಾರ. ಮೊದಲು ತಲೆಕೆಳಗೆ ಮಾಡಿ. ಅಡಿಯ ಬಳೆಯಲ್ಲಿ ಗ್ಲೇಜ್ ಇರುವುದಿಲ್ಲ, ಬರಿ ಒಡಲು ಕಾಣುತ್ತದೆ. ಕಬ್ಬಿಣ ಇರುವ ಒಡಲು ತಣಿಯುವಾಗ ಗಾಳಿ ತಾಗಿ ಇಟ್ಟಿಗೆಗೆಂಪಿಗೆ ತಿರುಗಿರುತ್ತದೆ. ಆ ಕೆಂಪು ಗ್ಲೇಜಿನ ಅಂಚಿನಲ್ಲಿ ಗಾಢವಾಗಿ, ದೂರ ಹೋದಂತೆ ತೆಳುವಾಗಿ ಇದ್ದರೆ ಸಹಜ. ಒಂದೇ ಸಮ ಇದ್ದು, ಒದ್ದೆ ಬಟ್ಟೆಗೆ ಬಣ್ಣ ಅಂಟಿದರೆ ಬಳಿದದ್ದು. ಆಮೇಲೆ ಬಾಯಂಚು ನೋಡಿ. ಸುಡುವಾಗ ಗ್ಲೇಜ್ ಕೆಳಕ್ಕೆ ಇಳಿಯುವುದರಿಂದ ಅಂಚಿನಲ್ಲಿ ತೆಳುವಾಗುತ್ತದೆ. ಬಿಳಿ ಒಡಲಾದರೆ ಅಂಚು ಬೆಳ್ಳಗೆ, ಕಪ್ಪು ಒಡಲಾದರೆ ನೇರಳೆಗಂದು ಕಾಣಬೇಕು. ಕೆತ್ತನೆ ಇದ್ದರೆ ಗೀರಿನ ಒಳಗೆ ಗ್ಲೇಜ್ ನಿಂತು ಹಸಿರು ಗಾಢವಾಗಿರಬೇಕು. ಬಾಯಿ ತಾಗುವ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ಬೇಡ, ಕೊಳೆ ಅಲ್ಲೇ ಕೂರುತ್ತದೆ. ತೀರಾ ಅಗ್ಗದ, ಕಡಿಮೆ ಕಾವಿನಲ್ಲಿ ಸುಟ್ಟ ಹಸಿರು ಬಣ್ಣದ ಪಾತ್ರೆಗಳಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಹೆಚ್ಚು ಕಾವಿನ ಸಾಂಪ್ರದಾಯಿಕ ಗ್ಲೇಜಿಗೆ ಸೀಸದ ಅಗತ್ಯವೇ ಇಲ್ಲ.

ಮನೆಗೆ ತಂದ ದಿನ ಒಂದು ಪರೀಕ್ಷೆ ಮಾಡಿ. ಬಟ್ಟಲಿಗೆ ನೀರು ತುಂಬಿ, ಒಂದು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಇಡಿ. ತಮ್ಮನ ಬಟ್ಟಲಿನ ಕೆಳಗೆ ಕಾಗದ ಒಣಗಿರಬೇಕು. ಅಣ್ಣನ ಬಟ್ಟಲಿನ ಕೆಳಗೆ ತೇವದ ಉಂಗುರ ಮೂಡಿದರೆ ಗಾಬರಿ ಬೇಡ, ಒಡಲು ಪೂರ್ತಿ ಬಿಗಿಯಾಗಿಲ್ಲ, ಬಿರುಕಿನ ಮೂಲಕ ನೀರು ಕುಡಿಯುತ್ತಿದೆ ಎಂದರ್ಥ. ಅಂಥದ್ದನ್ನು ಮರದ ಮೇಜಿನ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ತಟ್ಟೆ ಇರಲಿ. ಅಡಿಬಳೆ ಗರಗಸದಂತೆ ಒರಟಿದ್ದರೆ 600 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ನಾಲ್ಕು ಸುತ್ತು ಉಜ್ಜಿ. ಇಲ್ಲದಿದ್ದರೆ ಒಂದರ ಮೇಲೊಂದು ಇಟ್ಟಾಗ ಮೇಲಿನದರ ಅಡಿ ಕೆಳಗಿನದರ ಒಳಮೈ ಗೀಚುತ್ತದೆ.

ಅಣ್ಣನ ಬಟ್ಟಲಿಗೆ ಮೊದಲ ಚಹಾ ಹಾಕುವ ಮುಂಚೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ. ಬಿರುಕುಗಳು ಮೊದಲು ಶುದ್ಧ ನೀರು ಕುಡಿಯಲಿ, ಆಗ ಚಹಾದ ಕಲೆ ಒಂದೇ ಕಡೆ ದಟ್ಟವಾಗಿ ಕೂರುವುದಿಲ್ಲ. ಅಂಗಡಿಯಿಂದ ಬರುವಾಗಲೇ ಗೆರೆಗಳು ಕಪ್ಪಾಗಿದ್ದರೆ ಅದು ಕಾರ್ಖಾನೆಯಲ್ಲಿ ಕೂರಿಸಿದ ಬಣ್ಣ. ಬಿಸಿನೀರು ಹಾಕಿ, ನೀರು ಬಣ್ಣ ಬಿಡದ ತನಕ ಬದಲಿಸುತ್ತ ಹೋಗಿ. ಗೆರೆಗಳು ತಿಳಿಯಾಗಿದ್ದರೆ ಮುಂದಿನ ಕೆಲಸ ನಿಮ್ಮದು. ಚಹಾ ಕುಡಿದ ಹಾಗೆ ಬಿರುಕುಗಳಲ್ಲಿ ಬಣ್ಣ ಇಳಿಯುತ್ತದೆ, ಕೆಲವು ವಾರಗಳಲ್ಲಿ ಬಲೆ ಕಾಣತೊಡಗುತ್ತದೆ. ಹಸಿರು ಚಹಾ ಜೇನುಬಣ್ಣ ಕೊಡುತ್ತದೆ, ಪುಎರ್ ಎಂಬ ಹುದುಗಿಸಿದ ಗಾಢ ಚಹಾ ಕಪ್ಪುಕಂದು ಕೊಡುತ್ತದೆ. ಒಂದು ಬಟ್ಟಲಿಗೆ ಒಂದೇ ಚಹಾ ಎಂದು ಇಟ್ಟುಕೊಳ್ಳಿ, ಮತ್ತು ಪ್ರತಿ ಸಲ ಹೆಚ್ಚುಕಡಿಮೆ ಅಂಚಿನವರೆಗೂ ತುಂಬಿ. ದಿನಾ ಅರ್ಧ ಬಟ್ಟಲು ಕುಡಿಯುವವರ ಬಟ್ಟಲಲ್ಲಿ ಅರ್ಧಕ್ಕೆ ಒಂದು ಗಡಿಗೆರೆ ಬಿದ್ದುಬಿಡುತ್ತದೆ, ಆಮೇಲೆ ಎಷ್ಟು ತುಂಬಿದರೂ ಮೇಲಿನ ಭಾಗ ಕೆಳಗಿನದನ್ನು ಹಿಡಿಯುವುದಿಲ್ಲ. ಬೇಗ ಬಣ್ಣ ಬರಲೆಂದು ಗಟ್ಟಿ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಬಣ್ಣ ಬರುತ್ತದೆ, ಜೊತೆಗೆ ಹಳಸಿದ ವಾಸನೆಯೂ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳ ಚಹಾ ಹಾಲಿನದು. ಬಿರುಕಿನ ಬಟ್ಟಲಿಗೆ ಹಾಲು ಹಾಕಿದ ಚಹಾ ಬೇಡವೇ ಬೇಡ. ಹಾಲಿನ ಕೊಬ್ಬು ಬಿರುಕಿಗಿಳಿದರೆ ಯಾವ ಬ್ರಶ್ಶೂ ಅಲ್ಲಿಗೆ ತಲುಪುವುದಿಲ್ಲ, ಎರಡೇ ದಿನದಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಹಾಲಿನ ಚಹಾ, ಕಾಫಿ ಎರಡಕ್ಕೂ ತಮ್ಮನ ಬಟ್ಟಲು ಆಗುತ್ತದೆ, ಕುಡಿದ ಕೂಡಲೇ ತೊಳೆದರೆ ಸಾಕು.

ಬಿಸಿಯ ವಿಚಾರಕ್ಕೆ ಇಬ್ಬರೂ ಒಂದೇ. ದಪ್ಪ ಗ್ಲೇಜ್ ಮತ್ತು ಒಡಲು ಬೇರೆ ಬೇರೆ ವೇಗದಲ್ಲಿ ಹಿಗ್ಗುತ್ತವೆ. ಚಳಿಗಾಲದ ಬೆಳಿಗ್ಗೆ ಕೊರೆಯುವ ಬಟ್ಟಲಿಗೆ ಕುದಿನೀರು ಸುರಿದರೆ ಒಡಲೇ ಸೀಳಬಹುದು. ಮೊದಲು ಕಾಲುಭಾಗ ಉಗುರುಬೆಚ್ಚಗಿನ ನೀರು ಹಾಕಿ ಸುತ್ತಿಸಿ ಚೆಲ್ಲಿ, ಆಮೇಲೆ ಬಿಸಿ. ಮುಚ್ಚಳ, ಬಟ್ಟಲು, ತಟ್ಟೆ ಮೂರೂ ಇರುವ ಗೈವಾನ್ ಬಳಸುವವರು 110ರಿಂದ 120 ಮಿಲಿಲೀಟರಿನದು ತೆಗೆದುಕೊಳ್ಳಿ, ಅಂಚು ಹೊರಕ್ಕೆ ಬಾಗಿರಲಿ, ಇಲ್ಲದಿದ್ದರೆ ಬೆರಳು ಸುಡುತ್ತದೆ. ಅದಕ್ಕೆ 3 ಗ್ರಾಂ ಹಸಿರು ಚಹಾ, 80 ಡಿಗ್ರಿಯ ನೀರು, ಅರ್ಧ ನಿಮಿಷ. ದಪ್ಪ ಸೆಲಡಾನ್ ಕಾವನ್ನು ಹಿಡಿದಿಡುವುದರಿಂದ ಮುಚ್ಚಳ ಮುಚ್ಚಿದರೆ ಹಸಿರು ಎಲೆ ಬೆಂದು ಒಗರಾಗುತ್ತದೆ, ತೆರೆದೇ ಇಡಿ. ಅದೇ ಗುಣ ಊಲಾಂಗ್ ಚಹಾಕ್ಕೆ ವರ, ಅದಕ್ಕೆ 5 ಗ್ರಾಂ ಹಾಕಿ, 95 ಡಿಗ್ರಿಯ ನೀರೆರೆದು ಮುಚ್ಚಿ.

ತೊಳೆಯುವಾಗ ಸ್ಟೀಲ್ ಉಜ್ಜು, ಪಾತ್ರೆ ಪುಡಿ, ಬೂದಿ ಯಾವುದೂ ಬೇಡ. ಗ್ಲೇಜ್ ಗಟ್ಟಿಯಾದ್ದರಿಂದ ಸ್ಟೀಲ್ ಚಮಚದ ಲೋಹವೇ ಸವೆದು ಬೂದುಗೀರಾಗಿ ಅದರ ಮೇಲೆ ಕೂರುತ್ತದೆ. ಜನ ಅದನ್ನು ಬಿರುಕು ಎಂದುಕೊಳ್ಳುತ್ತಾರೆ. ತಮ್ಮನ ಬಟ್ಟಲಲ್ಲಿ ಚಹಾದ ಕಲೆ ನಿಂತಿದ್ದರೆ 250 ಮಿಲಿಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ 20 ನಿಮಿಷ ಇಟ್ಟು, ಬೆರಳಿನಿಂದ ಸವರಿ ತೊಳೆಯಿರಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಒಳಗೆ ಬಿಳಿ ಉಪ್ಪಿನ ಉಂಗುರ ಕಟ್ಟುತ್ತದೆ, ಹಸಿರಿನ ಮೇಲೆ ಅದು ಎದ್ದು ಕಾಣುತ್ತದೆ. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು, ಐದು ನಿಮಿಷ, ಆಮೇಲೆ ಚೆನ್ನಾಗಿ ತೊಳೆದರಾಯಿತು. ಈ ಎರಡೂ ಉಪಾಯ ಅಣ್ಣನ ಬಟ್ಟಲಿಗೆ ಅಲ್ಲ. ಸೋಡಾ, ವಿನೆಗರ್, ಸೋಪು ಏನೇ ಆದರೂ ಬಿರುಕಿಗಿಳಿದು ಅಲ್ಲೇ ಉಳಿದು, ಮುಂದಿನ ಚಹಾದಲ್ಲಿ ಹೊರಬರುತ್ತದೆ. ಅದಕ್ಕೆ ಬಿಸಿನೀರು ಮತ್ತು ಮೆತ್ತನೆ ಬಟ್ಟೆ ಮಾತ್ರ. ಬ್ಲೀಚ್ ಅಂತೂ ಹತ್ತಿರ ತರಬೇಡಿ. ಮೈಕ್ರೋವೇವ್ ಕೂಡ ಬೇಡ, ಒಡಲು ಕುಡಿದ ನೀರು ಒಳಗೇ ಆವಿಯಾಗಿ ಪಾತ್ರೆಯನ್ನು ಸೀಳಬಹುದು.

ಒಣಗಿಸುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಮಲೆನಾಡು ಕರಾವಳಿಯವರಿಗೆ ಇದೇ ಮುಖ್ಯ. ಅಣ್ಣನ ಬಟ್ಟಲು ಮುಟ್ಟಿದರೆ ಒಣಗಿದಂತಿರುತ್ತದೆ, ಒಡಲಿನೊಳಗೆ ತೇವ ಇದ್ದೇ ಇರುತ್ತದೆ. ಬಟ್ಟೆಯ ಮೇಲೆ ಬೋರಲು ಹಾಕಿದರೆ ಒಳಗಿನ ಗಾಳಿ ಆಡುವುದಿಲ್ಲ. ಸರಳಿನ ಸ್ಟ್ಯಾಂಡಿನ ಮೇಲೆ ಓರೆಯಾಗಿ, ಒಳ್ಳೆ ಬಿಸಿಲುಕಾಲದಲ್ಲಿ ಒಂದು ದಿನ, ಆಷಾಢ ಶ್ರಾವಣದಲ್ಲಿ ಎರಡು ಮೂರು ದಿನ ಬಿಡಿ. ರೇಷ್ಮೆ ಹಾಸಿದ ಡಬ್ಬಿಯಲ್ಲಿ ಮಳೆಗಾಲವಿಡೀ ಮುಚ್ಚಿಟ್ಟರೆ ಬಿರುಕಿನ ಉದ್ದಕ್ಕೂ ಬೂಷ್ಟಿನ ಕಪ್ಪು ಚುಕ್ಕೆ ಏಳುತ್ತದೆ. ಅದು ಚಹಾದ ಬಣ್ಣವಲ್ಲ, ಮೂಸಿದರೆ ತಿಳಿಯುತ್ತದೆ.

ಕೊನೆಯದಾಗಿ, ಅಣ್ಣನ ಬಟ್ಟಲಲ್ಲಿ ಇಷ್ಟೊಂದು ಬಿರುಕಿರುವಾಗ ನಿಜವಾಗಿ ಒಡೆದದ್ದನ್ನು ಹೇಗೆ ಗುರುತಿಸುವುದು? ಗ್ಲೇಜಿನ ಬಿರುಕು ಒಳಗೊಂದು ಬಲೆ, ಹೊರಗೊಂದು ಬಲೆ, ಒಂದಕ್ಕೊಂದು ಹೊಂದುವುದಿಲ್ಲ. ಒಡಲು ಸೀಳಿದ್ದರೆ ಅದೇ ಗೆರೆ ಒಳಗೂ ಹೊರಗೂ ಒಂದೇ ಜಾಗದಲ್ಲಿರುತ್ತದೆ, ಅಂಚನ್ನು ದಾಟುತ್ತದೆ, ಉಗುರಿಗೆ ತಾಗುತ್ತದೆ, ಬೆರಳಿನಿಂದ ಮೀಟಿದರೆ ಒಡಕು ಮಡಕೆಯ ಸದ್ದು ಬರುತ್ತದೆ. ಅಂಥ ಬಟ್ಟಲಿಗೆ ಬಿಸಿ ಚಹಾ ಬೇಡ, ಕೈಯಲ್ಲೇ ಎರಡಾಗಬಹುದು. ಅಂಟು ಹಾಕಿ ಕೂಡಿಸಿದ್ದನ್ನೂ ನೋಡಲು ಇಟ್ಟುಕೊಳ್ಳಿ, ಕುಡಿಯಲು ಅಲ್ಲ. ಹಳೆಯ ಕಾಲದ ಚೀನೀ ಕಸುಬುದಾರರು ಅಂಟಿನ ಬದಲು ಹೊರಮೈಯಲ್ಲಿ ಅರ್ಧ ದಪ್ಪಕ್ಕೆ ಸಣ್ಣ ತೂತು ಕೊರೆದು, ಲೋಹದ ಕೊಕ್ಕೆ ಹೊಡೆದು ಬಿಗಿಯುತ್ತಿದ್ದರು. ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಂಥ ಒಂದು ಲಾಂಗ್‌ಚುವಾನ್ ಚಹಾ ಬಟ್ಟಲಿದೆ. 15ನೇ ಶತಮಾನದಲ್ಲಿ ಜಪಾನಿನ ಶೋಗನ್, ಅಂದರೆ ಆಳುವ ಸೇನಾನಾಯಕ, ಅಶಿಕಾಗ ಯೊಶಿಮಸನ ಕೈಯಲ್ಲಿದ್ದಾಗ ಅದು ಬಿರುಕು ಬಿಟ್ಟಿತು, ಇಂಥದ್ದೇ ಇನ್ನೊಂದು ಬೇಕೆಂದು ಅವನು ಚೀನಾಕ್ಕೆ ಕಳಿಸಿದ ಎಂದು ಪ್ರತೀತಿ. ಅಷ್ಟರಲ್ಲಿ ಅಲ್ಲಿ ಅಂಥ ಹಸಿರು ಸುಡುವವರು ಯಾರೂ ಉಳಿದಿರಲಿಲ್ಲ, ಅದೇ ಬಟ್ಟಲಿಗೆ ಕೊಕ್ಕೆ ಹೊಡೆದು ವಾಪಸು ಕಳಿಸಿದರಂತೆ. ಚಿತ್ರ ಸಿಕ್ಕರೆ ಹಿಗ್ಗಿಸಿ ನೋಡಿ: ಆರು ದಳದ ಹೂವಿನಂತೆ ಅಂಚು, ತಿಳಿ ಹಸಿರು ಮೈ, ಬುಡದ ಹತ್ತಿರ ಮಿಡತೆ ಕೂತ ಹಾಗೆ ಆ ಕೊಕ್ಕೆಗಳು.